ಎರಡನೇ ಬಕೀಟು

ಬಚ್ಚಲ ಗೋಡೆಗೆ ಗೀಸರಿನ ಟೈಮರನ್ನು ಜಡಿದವನು ನಾನು. ತಂಗಿಯ ಬೆನ್ನು ಸುಟ್ಟ ದಿನ, ಯಾರೂ ನೋಡುವ ಮೊದಲು ಗೀಸರಿನ ತಂತಿಗಳನ್ನು ಮೊದಲಿನಂತೆ ಜೋಡಿಸಿಟ್ಟವನೂ ನಾನೇ. ತಪ್ಪು ಅಕ್ಕನ ಕೈಯದು ಎಂದು ಎಲ್ಲರೂ ಅಂದರು. ಅಕ್ಕನೂ ಹಾಗೇ ನಂಬಿದಳು. ನಾನು ನಾಲ್ಕು ವರ್ಷ ಬಾಯಿ ಬಿಡಲಿಲ್ಲ.

ಆಗ ಆಂಧ್ರಪ್ರದೇಶ ಒಂದೇ ಆಗಿತ್ತು, ಹೈದರಾಬಾದು ಅದರ ರಾಜಧಾನಿ. ನಾವು ಕಾಚಿಗೂಡ ಸ್ಟೇಷನ್ನಿನ ಹಿಂದಿನ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಬಚ್ಚಲು ಹೊರಗೆ ಅಂಗಳದಲ್ಲಿ, ಗೀಸರು ಅದರ ಹಿಂದಿನ ಹೊರಗೋಡೆಗೆ, ಒಳಗೆ ನಲ್ಲಿ ಮಾತ್ರ. ಅಪ್ಪ ಸರಕಾರಿ ಕಚೇರಿಯ ನೌಕರಿಗೆಂದು ರಾಯಚೂರು ಕಡೆಯಿಂದ ಬಂದವನು, ಇಲ್ಲೇ ತೀರಿಕೊಂಡ. ಎರಡು ವರ್ಷದ ಮೇಲೆ ಅವ್ವನೂ ಹೋದಳು. ಆಗ ತಂಗಿಗೆ ಆರು ವರ್ಷ, ನನಗೆ ಹನ್ನೊಂದು, ಅಕ್ಕನಿಗೆ ಹತ್ತೊಂಬತ್ತು. ಅಕ್ಕ ಮದುವೆ ಆಗಲಿಲ್ಲ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟೆ. ಅದು ಬಡತನದಿಂದಲ್ಲ, ಓದು ನನ್ನ ತಲೆಗೆ ಹತ್ತಲಿಲ್ಲ. ಮೋಟಾರ್ ರಿಪೇರಿ ಅಂಗಡಿಯೊಂದಕ್ಕೆ ಸೇರಿ ತಂತಿ ಸುತ್ತುವುದು, ಸ್ವಿಚ್ಚು ಬದಲಿಸುವುದು ಕಲಿತೆ. ತಂಗಿ ಮಾತ್ರ ಕಾಲೇಜಿಗೆ ಹೋದಳು.

ಮನೆ ನಡೆದದ್ದು ಹೆಚ್ಚಾಗಿ ಅಕ್ಕನ ಕೈಯಿಂದ. ಆಕೆ ಬಾಣಂತಿಯರಿಗೆ ಎರೆಯುತ್ತಿದ್ದಳು. ನಮ್ಮ ಕಡೆಯ ಮನೆಗಳಲ್ಲಿ ಹೆರಿಗೆಯಾದವಳಿಗೆ ನಲವತ್ತು ದಿನ ಮೈಗೆಲ್ಲ ಎಣ್ಣೆ ತಿಕ್ಕಿ, ಸುಡುಸುಡು ನೀರು ಹಾಕಿ, ಕೂಸನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ಎರೆದು, ಆಮೇಲೆ ಲೋಬಾನದ ಹೊಗೆ ಕೊಡಬೇಕು. ಇದನ್ನು ಎಲ್ಲರೂ ಮಾಡಲಾರರು. ಅಕ್ಕ ಅವ್ವನಿಂದ ಕಲಿತಿದ್ದಳು. ಬ್ಯಾಂಕಿನವರು, ರೈಲ್ವೆಯವರು, ಕೇಂದ್ರ ಸರಕಾರದ ಕಾರ್ಖಾನೆಗಳವರು, ಯಾರ ಮನೆಯಲ್ಲಿ ಕನ್ನಡದ ಸೊಸೆಯೋ ಮಗಳೋ ಹಡೆದರೂ ನಮ್ಮ ಗಲ್ಲಿಗೆ ಹೇಳಿಕಳಿಸುತ್ತಿದ್ದರು. ಆಕೆ ನೀರಿಗೆ ಕೈ ಹಾಕಿದಳೆಂದರೆ ಮತ್ತೆ ಯಾರೂ ಮುಟ್ಟಿ ನೋಡುತ್ತಿರಲಿಲ್ಲ.

ಎರೆಯುವುದರಲ್ಲಿ ಆಕೆಯದೊಂದು ಕ್ರಮವಿತ್ತು. ಬಾಣಂತಿಯ ಮೈಮೇಲೆ ಬೀಳುವ ಧಾರೆ ನಡುವೆ ಕಡಿಯಬಾರದು, ಕಡಿದರೆ ಮೈಯೊಳಗೆ ಥಂಡಿ ಹೊಗುತ್ತದೆ ಎನ್ನುವಳು. ಅದಕ್ಕೇ ಮೊದಲನೇ ಬಕೀಟಿನಿಂದ ಚರಿಗೆಯಲ್ಲಿ ಮೊಗೆದು ಹಾಕುತ್ತಿರುವಾಗಲೇ ಎರಡನೇ ಬಕೀಟು ನಲ್ಲಿಯ ಕೆಳಗೆ ತುಂಬುತ್ತಿರಬೇಕು. ಮೊದಲನೆಯದಕ್ಕೆ ಮೊಳಕೈತನಕ ಕೈ ಇಳಿಸಿ ನೋಡುವಳು. ಎರಡನೆಯದಕ್ಕೆ ನೋಡುತ್ತಿರಲಿಲ್ಲ. ಗೀಸರಿನ ನೀರು ಖರ್ಚಾದಂತೆ ತಣ್ಣಗಾಗುತ್ತ ಬರುವುದರಿಂದ ಎರಡನೇ ಬಕೀಟಿಗೆ ತಣ್ಣೀರು ಕಡಿಮೆ ಬೆರೆಸಬೇಕು, ಎರಡು ಚರಿಗೆ ಸಾಕು, ಎಂಬುದು ಆಕೆಗೆ ಬಾಯಿಪಾಠ. ಅಷ್ಟು ವರ್ಷ ಅದು ತಪ್ಪಿರಲಿಲ್ಲ.

ತಂಗಿಯ ಗಂಡ ಕೇಂದ್ರದ ಒಂದು ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದ. ಊರಿನ ಇನ್ನೊಂದು ತುದಿಯಲ್ಲಿ ಅವರ ಕ್ವಾರ್ಟರ್ಸು. ಅತ್ತೆಯ ಮನೆ ಬಳ್ಳಾರಿ. ಚೊಚ್ಚಲ ಹೆರಿಗೆಗೆ ತಂಗಿ ನಮ್ಮಲ್ಲಿಗೆ ಬಂದಳು. ನಮ್ಮಲ್ಲಿ ಎಂದರೆ ಅಕ್ಕನ ಹತ್ತಿರ, ತಂಗಿಗೆ ತವರು ಎಂದರೆ ಅಕ್ಕನೇ. ಹೆಣ್ಣು ಕೂಸು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ದಿನವೇ ಅಕ್ಕ ಗೀಸರಿನ ನೀರು ಮುಟ್ಟಿ ಮುಖ ಕಿವುಚಿದಳು.

“ಇದು ಬಾಣಂತಿ ನೀರಲ್ಲ ತಮ್ಮಾ, ಕಚೇರಿಗೆ ಹೋಗೋ ಗಂಡಸರ ಜಳಕದ ನೀರು. ನಾ ಒಲಿ ಮ್ಯಾಲೆ ಪಾತೇಲಿ ಇಡ್ತೀನಿ ಬಿಡು.”

“ನಾ ಇರೋತನಕ ಒಲಿ ಯಾಕಕ್ಕಾ?” ಅಂದೆ. “ನಾಳೆ ನೋಡು, ಚಹಾ ಕುದಿಸಬಹುದು ಅದರಾಗ.”

ಹಾಸಿಗೆಯಿಂದಲೇ ತಂಗಿ ಅಂದಳು, “ಅಣ್ಣಾ, ನಾ ಚಹಾಪುಡಿ ಅಲ್ಲೋ. ಸ್ವಲ್ಪ ನೋಡ್ಕೊಂಡು ಮಾಡು.”

ನಾವು ನಕ್ಕೆವು.

ಗೀಸರಿನೊಳಗೆ ಒಂದು ಬಿಲ್ಲೆಯಂಥ ಸಾಮಾನು ಇರುತ್ತದೆ. ನೀರು ಸಾಕಷ್ಟು ಕಾದ ಕೂಡಲೇ ಅದು ತಾನಾಗಿ ಕರೆಂಟು ಕಡಿಯುತ್ತದೆ. ಅದನ್ನು ಬಿಟ್ಟು ತಂತಿಯನ್ನು ನೇರ ಕೊಟ್ಟರೆ ನೀರು ಎಷ್ಟು ಬೇಕಾದರೂ ಕಾಯುತ್ತದೆ. ಅಂಗಡಿಗಳಲ್ಲಿ ಇದಕ್ಕೆ ಡೈರೆಕ್ಟ್ ಮಾಡುವುದು ಎನ್ನುತ್ತಾರೆ. ಆ ಬಿಲ್ಲೆ ಕೆಟ್ಟ ಮನೆಗಳಲ್ಲಿ ಹೊಸದು ಬರುವತನಕ ಒಂದೆರಡು ದಿನಕ್ಕೆ ಹಾಗೆ ಮಾಡಿ ಬರುವುದುಂಟು. ಮಾಡಿದವನು ಮನೆಯವರಿಗೆ ಎಚ್ಚರಿಕೆ ಹೇಳಿ ಬರಬೇಕು. ನಾನು ನಮ್ಮ ಮನೆಯದನ್ನು ಡೈರೆಕ್ಟ್ ಮಾಡಿದೆ, ಯಾರಿಗೂ ಹೇಳಲಿಲ್ಲ. ಹೇಳಿದರೆ ಅಕ್ಕ ಹೆದರಿ ಒಲೆಯೇ ಇರಲಿ ಎನ್ನುವಳೆಂದು ಗೊತ್ತಿತ್ತು.

ಹಾಗಾದ ಮೇಲೆ ಗೀಸರನ್ನು ಲೆಕ್ಕವಿಟ್ಟು ನಲವತ್ತೈದು ನಿಮಿಷ ಮಾತ್ರ ಹಚ್ಚಬೇಕಿತ್ತು. ಆದರೆ ಹಚ್ಚಿ ಬಂದ್ ಮಾಡುವವರು ಯಾರು? ಅಕ್ಕ ಬೆಳಿಗ್ಗೆ ಆರಕ್ಕೆ ಬೇರೊಂದು ಮನೆಗೆ ಎರೆಯಲು ಹೋಗಿ ಎಂಟಕ್ಕೆ ಬರುತ್ತಿದ್ದಳು. ನಾನು ಏಳೂವರೆಗೆ ಅಂಗಡಿಗೆ ಹೊರಡಬೇಕು, ಅದಕ್ಕೂ ಮೊದಲೇ ಕಾಯಿಸಿಟ್ಟರೆ ಆ ಹಳೆಯ ಗೀಸರಿನಲ್ಲಿ ಬಿಸಿ ಉಳಿಯುತ್ತಿರಲಿಲ್ಲ. ತಂಗಿ ಹಾಸಿಗೆ ಬಿಟ್ಟು ಅಂಗಳಕ್ಕೆ ಬರುವಂತಿಲ್ಲ. ಒಂಬತ್ತಕ್ಕೆ ಸರಿಯಾಗಿ ಎರಡು ತಾಸು ಕರೆಂಟು ತೆಗೆಯುತ್ತಿದ್ದರು, ಸಂಜೆ ಮತ್ತೆ ಎರಡು ತಾಸು. ಅದಕ್ಕೇ ಟೈಮರ್. ಏಳೂಕಾಲಕ್ಕೆ ತಾನೇ ಹತ್ತಿ ಎಂಟಕ್ಕೆ ತಾನೇ ಬಂದ್ ಆಗುವ ಹಾಗೆ.

ಅಂಗಡಿಯಲ್ಲಿ ಯಾವುದೋ ಪಂಪಿನಿಂದ ಬಿಚ್ಚಿಟ್ಟ ಹಳೆಯ ಟೈಮರೊಂದಿತ್ತು. ತಾಟಿನಂತೆ ತಿರುಗುವ ಮುಖ, ಸುತ್ತಲೂ ಒತ್ತುವ ಸಣ್ಣ ಹಲ್ಲುಗಳು. ತಾಟು ತಿರುಗಿ ಹಲ್ಲು ಬಂದು ತಾಗಿದಾಗ ಸ್ವಿಚ್ಚು ಬೀಳುತ್ತದೆ. ಅದನ್ನು ನಾನು ಚೀಲಕ್ಕೆ ಹಾಕಿಕೊಳ್ಳುವಾಗ ಮಾಲಕ ನೋಡಿದ.

“ಲೇ ಜಾ ಮಿಯಾ, ಮಗರ್ ಉಸ್ಕಾ ಭರೋಸಾ ನಕ್ಕೋ,” ಅಂದ. ಒಯ್ಯಿ, ಆದರೆ ಅದನ್ನು ನಂಬಬೇಡ ಎಂದು.

“ಘರ್ ಕೇ ವಾಸ್ತೇ ಹೈ,” ಅಂದೆ.

“ಘರ್ ಕೇ ವಾಸ್ತೇ ತೋ ಔರ್ ಭೀ ನಕ್ಕೋ.” ಮನೆಗಂತೂ ಮೊದಲೇ ಬೇಡ ಅಂದು ತನ್ನ ಕೆಲಸಕ್ಕೆ ತಿರುಗಿದ.

ಆ ಟೈಮರಿಗೆ ಒಂದು ದೋಷ ಹುಟ್ಟಿನಿಂದಲೇ ಇತ್ತು. ಅದು ಕರೆಂಟಿನಿಂದಲೇ ತಿರುಗುವ ಗಡಿಯಾರ. ಕರೆಂಟು ಹೋದಾಗ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಹೊರಡುತ್ತದೆ. ದಿನಕ್ಕೆ ನಾಲ್ಕು ತಾಸು ಕರೆಂಟಿಲ್ಲದ ಊರಿನಲ್ಲಿ ಅದು ದಿನಕ್ಕೆ ನಾಲ್ಕು ತಾಸು ಹಿಂದೆ ಬೀಳುತ್ತಿತ್ತು. ಎರಡನೇ ದಿನವೇ ಎರೆಯುವ ಹೊತ್ತಿಗೆ ನೀರು ತಣ್ಣಗಿತ್ತು. ಆ ದಿನ ಅಕ್ಕ ಕೊನೆಗೆ ಒಲೆಯ ಮೇಲೇ ಕಾಯಿಸಿ, “ನಿನ್ನ ಗಡಿಯಾರ ಇನ್ನೂ ನಿನ್ನಿ ದಿವಸದಾಗ ಐತಿ ನೋಡು,” ಎಂದು ಆಡಿಕೊಂಡಳು. ಅಂದಿನಿಂದ ದಿನಾ ರಾತ್ರಿ ಊಟಕ್ಕೆ ಮೊದಲು ನಾನು ತಾಟನ್ನು ಕೈಯಿಂದ ನಾಲ್ಕು ತಾಸು ಮುಂದೆ ತಿರುಗಿಸಿಡುತ್ತಿದ್ದೆ. ಹೀಗೆ ತಿರುಗಿಸಿದಷ್ಟೂ ಹಲ್ಲುಗಳು ಸವೆದು ಸಡಿಲಾಗುತ್ತವೆ ಎಂಬುದು ನನ್ನ ಕಸುಬಿನ ಮಾತು, ನನಗೆ ಗೊತ್ತಿತ್ತು.

ಹದಿಮೂರನೆಯ ದಿನ ಭಾನುವಾರ. ನಾನು ಮನೆಯಲ್ಲಿದ್ದೆ. ಎಂಟು ಹತ್ತಕ್ಕೆ ಅಂಗಳಕ್ಕೆ ಬಂದರೆ ಗೀಸರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಒಳಗೆ ನೀರು ಗುರುಗುಟ್ಟುತ್ತಿತ್ತು. ಎಂಟರ ಹಲ್ಲು ತಾಗದೆ ಜಾರಿ ಮುಂದೆ ಹೋಗಿತ್ತು. ಬೆರಳಿನಿಂದ ಸ್ವಿಚ್ಚು ತಳ್ಳಿ ಬಂದ್ ಮಾಡಿದೆ. ಅಕ್ಕ ಎರೆಯಲು ಬಂದಾಗ, “ಇವತ್ತು ಬಿಸಿ ಸ್ವಲ್ಪ ಜಾಸ್ತಿ ಐತಿ, ಎರಡೂ ಬಕೀಟು ನೋಡಿ ಹಾಕು,” ಅಂದೆ. ಯಾಕೆ ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ದಿನವೇ ಟೈಮರ್ ಕಿತ್ತು ಬಿಸಾಡಬೇಕಿತ್ತು. ಅದು ಆಗದಿದ್ದರೆ ಬಿಲ್ಲೆಯನ್ನಾದರೂ ತಿರುಗಿ ಜೋಡಿಸಬಹುದಿತ್ತು, ಅರ್ಧ ತಾಸಿನ ಕೆಲಸ. ನಾನು ಹಲ್ಲಿನ ಸಂದಿಗೆ ಬೆಂಕಿಪೆಟ್ಟಿಗೆಯ ರಟ್ಟು ಮಡಚಿ ಸಿಗಿಸಿ ಬಿಗಿ ಮಾಡಿದೆ. ಸೋಮವಾರ, ಮಂಗಳವಾರ, ಬುಧವಾರ ಎಂಟರತನಕ ಕಾದು ನಿಂತು, ಕೆಂಪು ದೀಪ ಆರಿದ್ದನ್ನು ನೋಡಿ ಹೊರಟೆ. ಮೂರೂ ದಿನ ಅಂಗಡಿಗೆ ತಡ. ಮಾಲಕ ಗಿರಾಕಿಗಳ ಮುಂದೆ, “ಆಯಿಯೇ ನವಾಬ್ ಸಾಬ್,” ಎಂದು ಸ್ವಾಗತಿಸಿ ಕುರ್ಚಿ ಎಳೆದು ಕೊಟ್ಟ. ಎಲ್ಲರೂ ನಕ್ಕರು. ಗುರುವಾರ ನಾನು ಏಳೂವರೆಗೇ ಸೈಕಲ್ಲು ಹತ್ತಿದೆ. ಗಲ್ಲಿಯ ತಿರುವಿನಲ್ಲಿ ಒಂದು ಸಲ ಹಿಂತಿರುಗಿ ನೋಡಿದೆ. ಅಲ್ಲಿಂದ ನಮ್ಮ ಬಚ್ಚಲು ಕಾಣಿಸುವುದಿಲ್ಲ. ಮೂರು ದಿನ ಸರಿಯಾಗಿ ಬಿದ್ದದ್ದು ಇವತ್ತೂ ಬಿದ್ದೀತು ಅಂದುಕೊಂಡೆ.

ಎಂಟೂಮುಕ್ಕಾಲಕ್ಕೆ ಅಂಗಡಿಗೆ ಫೋನು ಬಂತು. ನಮ್ಮ ಮನೆಯೊಡತಿ, ತೆಲುಗಿನವರು. “ಮೀ ಚೆಲ್ಲೆಲಿಕಿ ಕಾಲಿಂದಿ,” ಅಂದರು. ನಿನ್ನ ತಂಗಿಗೆ ಸುಟ್ಟಿದೆ.

ಹೇಗೆ ಎಂದು ನಾನು ಕೇಳಲಿಲ್ಲ. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರಲ್ಲ. ನನಗೆ ಗೊತ್ತಿತ್ತು.

ಹತ್ತು ನಿಮಿಷದ ದಾರಿ. ಮನೆಗೆ ಬಂದಾಗ ಅಕ್ಕ ತಂಗಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಾಗಿತ್ತು. ಕೂಸು ಮನೆಯೊಡತಿಯ ತೊಡೆಯ ಮೇಲೆ ಅಳುತ್ತಿತ್ತು. ಅದಕ್ಕೆ ಇನ್ನೂ ಎರೆದಿರಲಿಲ್ಲ. ತಾಯಿಗಾದ ಮೇಲೆ ಕೂಸಿಗೆ, ಅದೇ ನೀರಿನಿಂದ. ನಾನು ಅಂಗಳಕ್ಕೆ ಹೋದೆ. ಕೆಂಪು ದೀಪ ಉರಿಯುತ್ತಲೇ ಇತ್ತು. ಗೀಸರಿನ ಮೇಲಿನ ಕೊಳವೆಯಿಂದ ಉಗಿ ಸೀಟಿಯಂತೆ ಬರುತ್ತಿತ್ತು. ಬಚ್ಚಲ ನೆಲದ ಮೇಲೆ ಚರಿಗೆ ಉರುಳಿಕೊಂಡಿತ್ತು. ಎರಡನೇ ಬಕೀಟಿನಲ್ಲಿ ಇನ್ನೂ ಅರ್ಧ ನೀರು. ಅದರ ಮೇಲೆ ಹೊಗೆ ಆಡುತ್ತಿತ್ತು. ನಾನು ಕೈ ಹಾಕಲಿಲ್ಲ.

ನಿಮಗೆ ಇದನ್ನು ಹೇಳಲೇಬೇಕು. ನಾನು ಆಗ ಆಸ್ಪತ್ರೆಗೆ ಓಡಲಿಲ್ಲ. ಸ್ವಿಚ್ಚು ಬಂದ್ ಮಾಡಿ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ. ಗೀಸರಿನ ಕೆಳಗಿನ ಮುಚ್ಚಳ ಕೈ ಸುಡುತ್ತಿತ್ತು, ಅಂಗಿಯ ತುದಿಯಿಂದ ಹಿಡಿದು ಬಿಚ್ಚಿದೆ. ಒಂದು ತಿರುಪು ಜಾರಿ ಮೋರಿಗೆ ಬಿತ್ತು. ಮೋರಿಯಲ್ಲಿ ಬೆರಳಾಡಿಸಿ ಹುಡುಕಿದೆ. ಒಂಬತ್ತಕ್ಕೆ ಕರೆಂಟು ಹೋಯಿತು. ಇನ್ನು ಹೆದರಿಕೆ ಇಲ್ಲದೆ ತಂತಿ ಮುಟ್ಟಬಹುದೆಂದು ಆ ಹೊತ್ತಿನಲ್ಲೂ ನನಗೆ ಒಂಥರಾ ಸಮಾಧಾನವಾಯಿತು. ಬಿಲ್ಲೆಗೆ ತಂತಿ ಮೊದಲಿನಂತೆ ಕೊಟ್ಟೆ. ಟೈಮರಿನ ಸಂದಿಯ ರಟ್ಟು ತೆಗೆದು ಬಾಯಿಗೆ ಹಾಕಿಕೊಂಡು ಜಗಿದು ಉಗಿದೆ. ತಾಟನ್ನು ಒಂಬತ್ತಕ್ಕೆ ತಿರುಗಿಸಿ ಸ್ವಿಚ್ಚನ್ನು ಬಂದ್ ಕಡೆಗಿಟ್ಟೆ. ಅಷ್ಟಕ್ಕೆಲ್ಲ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಕೂಸಿನ ಅಳು ಕೇಳಿಸುತ್ತಿತ್ತು.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅಕ್ಕ ಒದ್ದೆ ಸೀರೆಯಲ್ಲೇ ಕೂತಿದ್ದಳು. ತನ್ನ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದಳು.

“ಎಷ್ಟು ಸುಟ್ಟೈತಿ?” ಅಂದೆ.

“ಬೆನ್ನು, ಎಡಗಡೆ ಭುಜ. ಗುಳ್ಳಿ ಎದ್ದಾವ. ಔಷಧ ಹಚ್ಚಾಕತ್ತಾರ.” ಆಮೇಲೆ ಕೇಳಿದಳು, “ತಮ್ಮಾ, ಗೀಸರ್ ಎಂಟಕ್ಕ ಬಂದ್ ಆಗಿತ್ತಲ್ಲ?”

“ಬಂದ್ ಆಗಿತ್ತಕ್ಕಾ. ಈಗ ನೋಡಿ ಬಂದೆ. ಟೈಮರ್ ಬಂದ್ ಐತಿ.”

ಆಕೆ ತಲೆಯಾಡಿಸಿದಳು. “ಹಂಗಾದ್ರ ಮೊದಲನೇ ಬಕೀಟಿಗೆ ನಾ ಕೈ ಹಾಕಿದ್ದು ಸರಿ ತಿಳಿದಿಲ್ಲ. ಬಿಸಿ ಐತಿ ಅನಿಸಿತ್ತು, ತಣ್ಣೀರು ಜಾಸ್ತಿ ಹಾಕಿದೆ. ಎರಡನೇದಕ್ಕ ದಿನದಂಗ ಎರಡ ಚರಿಗಿ ಹಾಕಿದೆ. ಎರಡನೇದು ಯಾವಾಗ್ಲೂ ತಂಪಿರತೈತಿ. ಹೆಂಗಾತು ಇದು?”

ಗೋಡೆಯ ಮೇಲೆ ಪೋಲಿಯೋ ಹನಿಯ ಚಿತ್ರವಿತ್ತು, ಅದನ್ನು ನೋಡುತ್ತ ನಿಂತೆ.

ಸಂಜೆ ತಂಗಿಯ ಗಂಡ ಬಂದ. ಆತ ಕಾರ್ಖಾನೆಯಲ್ಲಿ ಯಂತ್ರಗಳನ್ನು ತಪಾಸಣೆ ಮಾಡುವವನು. ಕೂಗಾಡಲಿಲ್ಲ. ಅಂಗಿ ತೋಳು ಮಡಚಿ, “ಭಾವಾ, ಗೀಸರ್ ಒಂದ ಸಲ ನೋಡೋಣ್ರಿ,” ಅಂದ. ನಾನು ಟಾರ್ಚು ಹಿಡಿದೆ. ಕರೆಂಟು ಬಂದಮೇಲೆ ಆತ ಗೀಸರು ಹಚ್ಚಿ, ಕೈಗಡಿಯಾರ ನೋಡುತ್ತ ನಿಂತ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನೀರು ಕಾದು ಬಿಲ್ಲೆ ಟಕ್ ಎಂದು ಕರೆಂಟು ಕಡಿಯಿತು, ಕೆಂಪು ದೀಪ ಆರಿತು. ಆತ ನಲ್ಲಿ ಬಿಟ್ಟು ನೀರು ಮುಟ್ಟಿ ನೋಡಿದ. ಟೈಮರನ್ನೂ ಒಂದು ಸಲ ತಿರುಗಿಸಿ ನೋಡಿದ. ಹಾಳಾದದ್ದು ಆ ಸಲ ಸರಿಯಾಗಿ ಬಿತ್ತು.

“ಗೀಸರ್ ಸರಿ ಐತ್ರಿ,” ಅಂದ. ಅಷ್ಟೇ. ಅಕ್ಕ ಒಳಗೆ ಹೋದಳು.

ಬೆನ್ನು ಮಾಯಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ತಂಗಿ ಬೋರಲು ಮಲಗಿ, ಕೂಸನ್ನು ಪಕ್ಕಕ್ಕೆ ಹಾಕಿಕೊಂಡು ಹಾಲು ಕುಡಿಸಿದಳು. ಅಕ್ಕನನ್ನು ಆಕೆ ಒಂದು ಮಾತೂ ಅನ್ನಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಳ್ಳಾರಿಯಿಂದ ತಂಗಿಯ ಅತ್ತೆ ಬಂದರು. ಅಡುಗೆಮನೆಯಲ್ಲಿ ಪಕ್ಕದ ಮನೆಯಾಕೆಗೆ ಅವರು ಹೇಳಿದ್ದು ಈಚೆಗೆ ನಮಗೆಲ್ಲ ಕೇಳಿಸಿತು. “ಊರ ಮಂದಿಗೆಲ್ಲ ಎರೆದು ಎರೆದು ಆಕಿ ಕೈ ಜಡ್ಡುಗಟ್ಟ್ಯಾವ. ಬಿಸಿ ಯಾವುದು ತಂಪು ಯಾವುದು ತಿಳಿವಲ್ದು. ಸತ್ತ ಕೈ ಅವು.”

ಅಕ್ಕ ಆಗ ನನ್ನ ಎದುರಿಗೇ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಅಡಕತ್ತರಿ ನಿಲ್ಲಲಿಲ್ಲ.

ಅದಾದ ಮೇಲೆ ಅಕ್ಕ ಎರೆಯಲು ಯಾವ ಮನೆಗೂ ಹೋಗಲಿಲ್ಲ. ಹೇಳಿಕಳಿಸಿದವರಿಗೆ, “ಆಗೋದಿಲ್ರಿ, ಬ್ಯಾರೇದವರನ್ನ ನೋಡ್ರಿ,” ಎನ್ನುತ್ತಿದ್ದಳು. ಒಂದಿಬ್ಬರು ಮನೆತನಕ ಬಂದು ಕೇಳಿದರು, ಆಮೇಲೆ ಯಾರೂ ಬರಲಿಲ್ಲ. ಶಾವಿಗೆ, ಹಪ್ಪಳ ಮಾಡಿಕೊಡುವ ಕೆಲಸ ಹಿಡಿದಳು. ತಂಗಿ ಕೂಸನ್ನು ಎತ್ತಿಕೊಂಡು ಬಂದರೆ ಎತ್ತಿ ಆಡಿಸುವಳು, ಕೈ ಕಾಲು ತೊಳೆಯಲು ಮಾತ್ರ ತಾಯಿಗೇ ಕೊಡುವಳು.

ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅಡುಗೆಮನೆಯಲ್ಲಿ ನಾಲ್ಕು ಬಟ್ಟಲಲ್ಲಿ ನೀರಿಟ್ಟುಕೊಂಡು ಕೂತಿದ್ದಳು. “ನಾ ಕಣ್ಣು ಮುಚ್ಚಿಕೋತೀನಿ. ನೀ ಬಟ್ಟಲ ಅದಲು ಬದಲು ಮಾಡು,” ಅಂದಳು. ಮಾಡಿದೆ. ಒಂದೊಂದಕ್ಕೂ ಬೆರಳು ಇಳಿಸಿ, ಇದು ಎಲ್ಲಕ್ಕಿಂತ ಬಿಸಿ, ಇದು ಅದಕ್ಕಿಂತ ಕಡಿಮೆ, ಇದು ಉಗುರುಬೆಚ್ಚಗೆ, ಇದು ತಣ್ಣೀರು ಎಂದು ಹೇಳಿದಳು. ಒಂದೂ ತಪ್ಪಲಿಲ್ಲ.

ಕಣ್ಣು ತೆರೆದು, “ಸರಿ ಹೇಳಿದೆನಾ?” ಎಂದು ಕೇಳಿದಳು.

“ಎಲ್ಲಾ ಸರಿ ಅಕ್ಕಾ.”

“ನನ್ನ ಮಾರಿ ನೋಡಿ ಹೇಳು.”

ನನಗೆ ಆಗಲಿಲ್ಲ. ಬಟ್ಟಲುಗಳನ್ನೇ ನೋಡುತ್ತಿದ್ದೆ. ನಾನು ಕನಿಕರದಿಂದ ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡು ಆಕೆ ನೀರನ್ನು ಮೋರಿಗೆ ಚೆಲ್ಲಿ, ನನಗೆ ತಾಟು ಹಾಕಿದಳು. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅನ್ನದ ಜೊತೆ ನುಂಗಿದೆ.

ಹೀಗೆ ನಾಲ್ಕು ವರ್ಷ. ನಾನು ದಿಲ್‌ಸುಖ್‌ನಗರದಲ್ಲಿ ಸ್ವಂತ ಅಂಗಡಿ ಹಾಕಿದೆ. ಗಿರಾಕಿಗಳ ಮನೆಯಲ್ಲಿ ಡೈರೆಕ್ಟ್ ಮಾಡಿದ ಗೀಸರು ಕಂಡರೆ ಬೈದು ಬರುತ್ತಿದ್ದೆ. ಇಷ್ಟು ಕಾಳಜಿಯ ಮೇಸ್ತ್ರಿ ಇಲ್ಲ ಎಂದು ಜನ ಅಂದರೆ ನನಗೆ ಮೈ ಉರಿಯುತ್ತಿತ್ತು.

ತಂಗಿಗೆ ಮತ್ತೆ ದಿನ ತುಂಬುತ್ತ ಬಂತು. ಒಂದು ಭಾನುವಾರ ಗಂಡ ಹೆಂಡತಿ ಬಂದರು. ಈ ಸಲ ಬಾಣಂತನಕ್ಕೆ ಬಳ್ಳಾರಿಗೇ ಬಾ ಎಂದು ಅತ್ತೆ ಹೇಳಿಕಳಿಸಿದ್ದರು. ತಂಗಿ ಒಪ್ಪಿರಲಿಲ್ಲ.

“ನಾ ಇಲ್ಲೇ ಇರಾಕಿ ಅಕ್ಕಾ. ನೀನ ಎರೀಬೇಕು,” ಅಂದಳು.

“ಹುಚ್ಚರಂಗ ಮಾಡಬ್ಯಾಡ. ಬಳ್ಳಾರಿಗೆ ಹೋಗು.”

“ಸುಟ್ಟಾಕಿ ನಾನು. ನನಗ ಇಲ್ಲದ ಅಂಜಿಕಿ ನಿನಗ ಯಾಕ?”

“ನಿನ್ನ ಬೆನ್ನ ಮ್ಯಾಲೆ ಸುಟ್ಟ ಕಲಿ ಐತಲ್ಲ, ಅದನ್ನ ನೀ ನೋಡಿಲ್ಲ. ನಾ ನೋಡೀನಿ,” ಅಂದಳು ಅಕ್ಕ. “ಈ ಕೈ ಇನ್ನ ಯಾವ ಬಾಣಂತಿನೂ ಮುಟ್ಟೋದಿಲ್ಲ. ಸತ್ತ ಕೈ ಅಂದ್ರಲ್ಲ, ಖರೇನ ಅಂದಾರ.”

ನನ್ನ ಕೈಯಲ್ಲಿ ಚಹಾದ ಬಸಿ ಇತ್ತು. ಅದನ್ನು ಕೆಳಗಿಟ್ಟೆ. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಬಿಲ್ಲೆಯಿಂದ ಶುರು ಮಾಡಿದೆ ಅನಿಸುತ್ತದೆ. ಡೈರೆಕ್ಟ್ ಮಾಡಿದ್ದು, ಭಾನುವಾರ ಹಲ್ಲು ಜಾರಿದ್ದು ನೋಡಿದ್ದು, ರಟ್ಟು ಸಿಗಿಸಿದ್ದು, ಗುರುವಾರ ಕಾಯದೆ ಹೋದದ್ದು, ಬಂದು ತಂತಿ ಜೋಡಿಸಿದ್ದು. ನೀರು ಕಾಯುತ್ತಲೇ ಇದ್ದದ್ದರಿಂದ ಎರಡನೇ ಬಕೀಟು ಮೊದಲನೆಯದಕ್ಕಿಂತ ಬಿಸಿಯಾಗಿತ್ತು, ಅಕ್ಕನ ಕೈ ತಪ್ಪಿರಲಿಲ್ಲ ಎಂದು ಹೇಳಿದೆ. ಕೂಸು, ಈಗ ನಾಲ್ಕು ವರ್ಷದವಳು, ಬಾಗಿಲಲ್ಲಿ ಚಪ್ಪಲಿ ಅದಲು ಬದಲು ಹಾಕಿಕೊಂಡು ಆಡುತ್ತಿದ್ದಳು.

ಮೊದಲು ಮಾತಾಡಿದವನು ತಂಗಿಯ ಗಂಡ. “ನಾ ತಪಾಸ ಮಾಡಿದಾಗ ಟಾರ್ಚ್ ಹಿಡಿದವರು ನೀವು,” ಅಂದ.

“ಹೌದ್ರಿ.”

“ಟಾರ್ಚ್ ಹಿಡಕೊಂಡ ನಿಂತಿದ್ರಿ,” ಎಂದು ಇನ್ನೊಮ್ಮೆ ಅಂದು, ಎದ್ದು ಹೊರಗೆ ಹೋದ.

ತಂಗಿ ಮಗಳ ಕಡೆ ನೋಡುತ್ತಿದ್ದಳು. “ಕೂಸಿಗೂ ಅದ ನೀರು ಇತ್ತಲ್ಲೋ ಅಣ್ಣಾ,” ಅಂದಳು. ದನಿ ಏರಿರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು.

ಅಕ್ಕ ನನ್ನನ್ನು ನೋಡಲಿಲ್ಲ. ತನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒದ್ದೆಯಾಗಿರದಿದ್ದರೂ. “ಬಟ್ಟಲ ಅದಲು ಬದಲು ಮಾಡಿದ್ಯಲ್ಲ, ಆವಾಗರ ಹೇಳಬೇಕಿತ್ತು,” ಅಂದಳು. ಆಮೇಲೆ, “ನೀನ ಬಳ್ಳಾರಿಗೆ ಹೋಗು. ಬೀಗ್ತಿ ಮುಂದ ಇದನ್ನೆಲ್ಲಾ ಹಿಂಗ ಹೇಳಿ ಬಾ. ಅಲ್ಲೀತನಕ ನನ್ನ ಮುಂದ ಕುಂದರಬ್ಯಾಡ,” ಅಂದಳು.

ಮರುದಿನ ಕಾಚಿಗೂಡದಲ್ಲಿ ಗಾಡಿ ಹತ್ತಿದೆ. ಗುಂತಕಲ್ಲಿನಲ್ಲಿ ಇಳಿದು ಬೇರೆ ಗಾಡಿ ಹಿಡಿದು ಬಳ್ಳಾರಿ ಮುಟ್ಟಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕೂಡಿಸುತ್ತಿದ್ದೆ. ತಂಗಿಯ ಅತ್ತೆ ನನ್ನನ್ನು ಬೈದರೆ ಹೇಗೆ ನಿಲ್ಲಬೇಕು, ಅತ್ತರೆ ಏನನ್ನಬೇಕು ಎಂದು.

ಅವರು ಪಡಸಾಲೆಯಲ್ಲಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನನಗೆ ನೀರು ಕೊಟ್ಟು, ಪೂರ್ತಿ ಕೇಳಿದರು. ನಡುನಡುವೆ ಕಲ್ಲು ಆರಿಸಿ ಪಕ್ಕಕ್ಕೆ ಹಾಕುತ್ತಿದ್ದರು. ನಾನು, “ಅವತ್ತು ನೀವು ಅಕ್ಕನ ಕೈ ಸತ್ತಾವ ಅಂದಿದ್ರಿ ಅವ್ವಾರ. ಅದು ಆಕಿ ತಪ್ಪಲ್ಲ, ನಂದು,” ಅಂದೆ.

ಅವರು ಮೊರ ನಿಲ್ಲಿಸಿ ನನ್ನ ಮುಖ ನೋಡಿದರು. “ನಾ ಹಂಗ ಅಂದಿದ್ನೇನೋ?” ಅಂದರು. “ಯಾರಿಗೆ ಅಂದೆ? ನನಗ ನೆನಪಿಲ್ಲ ನೋಡಪ್ಪಾ.”

ಅವರು ನಾಟಕ ಮಾಡುತ್ತಿರಲಿಲ್ಲ. ಖರೇ ನೆನಪಿರಲಿಲ್ಲ. “ಅಂದಿದ್ರ ತಪ್ಪಾತು ಅಂತ ಹೇಳು ಆಕಿಗೆ. ಸಂಕಟದಾಗ ಮಂದಿ ಏನೇನರ ಅಂತಾರ,” ಎಂದು ಮತ್ತೆ ಅಕ್ಕಿ ಕೇರಿದರು.

ತಿರುಗಿ ಬಂದಾಗ ಅಕ್ಕ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಳು. “ಏನಂದ್ರು?” ಎಂದು ಕೇಳಿದಳು. ದಾರಿಯಲ್ಲಿ ಒಂದು ಒಳ್ಳೆಯ ಉತ್ತರ ಹೊಸೆದಿಟ್ಟಿದ್ದೆ, ಅವರು ಕಣ್ಣೀರು ಹಾಕಿದರು ಎಂದು. ಆದರೆ ಅದನ್ನು ಹೇಳಲಿಲ್ಲ.

“ಹಂಗಂದದ್ದು ಅವರಿಗೆ ನೆನಪ ಇಲ್ಲಂತ. ಅಂದಿದ್ರ ತಪ್ಪಾತು ಅಂದ್ರು.”

ಅಕ್ಕನ ಕೈಯಲ್ಲಿದ್ದ ಹಪ್ಪಳ ಬಾಗಿತು. ಅದನ್ನು ಹಾಸಿದ ಧೋತರದ ಮೇಲೆ ಹರವಿ, ಅಂಚು ಸರಿಮಾಡಿ, “ಉಂಡು ಬಂದ್ಯೋ ಇಲ್ಲೋ?” ಅಂದಳು.

ಗಂಡು ಕೂಸು ಹುಟ್ಟಿತು. ಅಕ್ಕನೇ ಎರೆದಳು. ಗೀಸರು ಇರಲಿ, ಟೈಮರ್ ಬೇಡ ಅಂದಳು. ಬಿಲ್ಲೆ ಸರಿ ಇದೆ ಎಂದು ನಾನು ಹೇಳಿದ್ದನ್ನು ನಂಬದೆ, ತಂಗಿಯ ಗಂಡ ಬಂದು ಮುಚ್ಚಳ ಬಿಚ್ಚಿ ನೋಡಿ ಹೇಳಿದ ಮೇಲೆ ಒಪ್ಪಿದಳು. ಸಾಲದ್ದಕ್ಕೆ ಒಲೆಯ ಮೇಲೂ ಒಂದು ಪಾತೇಲಿ ಇಡುತ್ತಿದ್ದಳು. ನಾನು ಅಂಗಡಿ ತೆರೆಯುವುದನ್ನು ಹತ್ತಕ್ಕೆ ತಳ್ಳಿದೆ. ಗೀಸರನ್ನು ಕೈಯಿಂದ ಹಚ್ಚಿ, ಕೈಯಿಂದ ಬಂದ್ ಮಾಡುವುದು ನನ್ನ ಕೆಲಸ. ಇನ್ನೊಂದು ಕೆಲಸವೂ ಇತ್ತು. ಬಚ್ಚಲ ಬಾಗಿಲಿಗೆ ಪರದೆ. ಪ್ರತಿ ಬಕೀಟೂ ಮೊದಲು ಪರದೆಯ ಈಚೆಗೆ ಬರುತ್ತಿತ್ತು.

“ಕೈ ಹಾಕು,” ಎನ್ನುವಳು ಅಕ್ಕ.

ನಾನು ಮೊಳಕೈತನಕ ಇಳಿಸಿ, ಸರಿ ಇದೆ ಅಂದ ಮೇಲೆ ತಾನೂ ಕೈ ಹಾಕಿ ನೋಡಿ ಒಳಗೆ ಒಯ್ಯುವಳು. ಮೊದಲನೆಯದು, ಎರಡನೆಯದು, ಕೂಸಿನದು, ಎಲ್ಲವೂ. ಧಾರೆ ನಡುವೆ ಕಡಿಯುತ್ತಿತ್ತು. ಅದನ್ನು ಆಕೆ ಈಗ ಲೆಕ್ಕಕ್ಕೆ ಇಡುತ್ತಿರಲಿಲ್ಲ. ನನ್ನೊಡನೆ ಆ ದಿನಗಳಲ್ಲಿ ಆಕೆ ಆಡಿದ ಮಾತು ಹೆಚ್ಚಾಗಿ ಈ ಎರಡೇ. ಒಳಗಿಂದ ತಂಗಿ ಒಂದೊಂದು ಸಲ, “ಇಬ್ಬರೂ ಸೇರಿ ನನ್ನ ಥಂಡಿಯಾಗ ಕೊಲ್ತೀರಿ,” ಎಂದು ಗೊಣಗುವಳು. ನಾನು ನಗುತ್ತಿರಲಿಲ್ಲ. ಅಕ್ಕ ನಗುತ್ತಿದ್ದಳೋ ಇಲ್ಲವೋ, ಪರದೆಯಾಚೆಗೆ ಕಾಣಿಸುತ್ತಿರಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಎರಡನೇ ಬಕೀಟು ಬಂತು. ನಾನು ಕೈ ಇಳಿಸಿದೆ. ಚುರ್ ಎಂದಿತು.

“ಬಿಸಿ ಜಾಸ್ತಿ ಆತಕ್ಕಾ. ಇನ್ನೊಂದು ಚರಿಗಿ ತಣ್ಣೀರು ಹಾಕು.”

ಅಕ್ಕ ಬಾಗಿ ತನ್ನ ಕೈ ಇಳಿಸಿದಳು. ನೀರಿನೊಳಗೆ ಬೆರಳು ಅಗಲಿಸಿ ಸ್ವಲ್ಪ ಹೊತ್ತು ಹಾಗೇ ಹಿಡಿದಳು. ನಾನು ತಣ್ಣೀರಿನ ಚರಿಗೆ ಎತ್ತಿ ಹಿಡಿದು ಕಾಯುತ್ತಿದ್ದೆ.

“ಇಲ್ಲ,” ಅಂದಳು. “ಸರಿ ಐತಿ.”

ಬಕೀಟು ಎತ್ತಿಕೊಂಡು ಒಳಗೆ ಹೋದಳು. ನಾನು ಚರಿಗೆ ಹಿಡಿದೇ ನೀರು ಬೀಳುವ ಸಪ್ಪಳ ಕೇಳುತ್ತ ನಿಂತೆ. ತಂಗಿ ಕೂಗಲಿಲ್ಲ. ಮರುದಿನದಿಂದ ಬಕೀಟುಗಳು ಪರದೆಯ ಈಚೆಗೆ ಬರಲಿಲ್ಲ.